ಮೂರರಿಂದ ಐದಕ್ಕೆ: ನಿಜಗುಣಪ್ಪನ ಜೈತ್ರಯಾತ್ರೆ

ಯಾವ ಯುಗದಲ್ಲಿ ದೀಪಗಳು ಕರೆದರೆ ಓಗೊಡುವವೋ, ಯಾವ ಯುಗದಲ್ಲಿ ಮನೆಯ ಕರೆಗಂಟೆಯು ಊರಾಚೆ ಇರುವ ಯಜಮಾನನ ಕಿಸೆಯೊಳಗೆ ಮೊಳಗುವುದೋ, ಯಾವ ಯುಗದಲ್ಲಿ ವೈ-ಫೈ ಎಂಬ ಅದೃಶ್ಯ ಮಹಾತರಂಗವು ಗೋಡೆಗಳನ್ನು ಭೇದಿಸಿ, ಮಂಚಗಳ ಅಡಿಯಲ್ಲಿ ನುಸುಳಿ, ಉಪ್ಪಿನಕಾಯಿಯ ಭರಣಿಗಳನ್ನು ಬಳಸಿ ಹರಿಯುವುದೋ, ಆ ಯುಗದ ಒಂದು ಬೇಸಿಗೆಯಲ್ಲಿ, ಹುಬ್ಬಳ್ಳಿಯೆಂಬ ವ್ಯಾಪಾರಘೋಷಮುಖರಿತ ನಗರಿಯಲ್ಲಿ, ಎಂಟು ಮನೆಗಳ ಒಂದು ಚಾಳದ ಮಾಳಿಗೆಯ ಮೇಲೆ ನಡೆದ ಘೋರ ಸಂಗ್ರಾಮವನ್ನು ಹೇಳಲು ಹೊರಟಿದ್ದೇನೆ. ಹೇ ವಾಣಿ, ಬಾ, ನಾಲಿಗೆಯ ಮೇಲೆ ನೆಲೆಸು. ವೀಣೆಯನ್ನು ಮಾತ್ರ ಕೆಳಗೇ ಇರಿಸಿ ಬಾ. ಮಾಳಿಗೆಯ ಮೆಟ್ಟಿಲು ಬಹಳ ಇಕ್ಕಟ್ಟು, ತಿರುವಿನಲ್ಲಿ ಏಳನೆಯ ಮನೆಯವರ ಸೈಕಲ್ಲು ಬೇರೆ ನಿಂತಿರುತ್ತದೆ.

ಈ ಕಥೆಯ ನಾಯಕನು ಯಾರೆಂದರೆ, ದೂರವಾಣಿ ಖಾತೆಯಲ್ಲಿ ಮೂವತ್ತಾರು ವರ್ಷ ಕಂಬವೇರಿದವನು, ಸಿಡಿಲಿಗಂಜದವನು, ಕಾಗೆಗಳಿಂದ ನೆತ್ತಿ ಕುಟುಕಿಸಿಕೊಂಡೂ ಹಿಡಿದ ತಂತಿಯನ್ನು ಬಿಡದವನು, ಐವತ್ತು ವೋಲ್ಟಿನ ಸಾಲು ಜೀವಂತವಾಗಿದೆಯೋ ಇಲ್ಲವೋ ಎಂಬುದನ್ನು ಒದ್ದೆ ಬೆರಳಿನಿಂದ ಮುಟ್ಟಿ ಹೇಳುತ್ತಿದ್ದವನು, ಸ್ತಂಭಾರೋಹಣಧುರಂಧರನೂ ತಂತುಸಂಧಾನವಿಶಾರದನೂ ಇಕ್ಕಳಹಸ್ತನೂ ಆದ ನಿಜಗುಣಪ್ಪ ಹೊಂಬಳ. ನಿವೃತ್ತನಾದ ಮೇಲೆ ಅವನಿಗೆ ಏರಲು ಕಂಬಗಳಿರಲಿಲ್ಲ. ಆದರೆ ಒಂದು ಸಾಮ್ರಾಜ್ಯವು ಉಳಿದಿತ್ತು. ಅದು ಪಂಪಿನ ಕೋಣೆಯ ಕೀಲಿ.

ಈ ಕೀಲಿಯ ಮಹಿಮೆಯನ್ನು ತಿಳಿಯಬೇಕಾದರೆ ಚಾಳದ ಧರ್ಮವನ್ನು ತಿಳಿಯಬೇಕು. ಅಲ್ಲಿ ಮನುಷ್ಯನ ಹೆಸರಿಗಿಂತ ಮನೆಯ ಸಂಖ್ಯೆಯೇ ಹಿರಿದು. ಮೂರನೆಯ ಮನೆಯವನು ಮೂರನೆಯ ಮೀಟರಿಗೆ, ಮೂರನೆಯ ಬಟ್ಟೆಯ ಹಗ್ಗಕ್ಕೆ, ಮೂರನೆಯ ಚಪ್ಪಲಿ ಕಂಡಿಗೆ ಒಡೆಯ. ಪಡಸಾಲೆಯ ಗೋಡೆಯ ಮೇಲೆ ಎಂಟು ಗೂಟಗಳು; ಅವುಗಳ ಕೆಳಗೆ ಎಂಟು ಅಂಕಿಗಳು. ಒಮ್ಮೆ ಆರನೆಯವರು ಮರೆತು ನಾಲ್ಕನೆಯ ಗೂಟಕ್ಕೆ ಕೊಡೆ ತೂಗುಹಾಕಿದ್ದಕ್ಕೆ ಎರಡು ಮನೆಗಳ ನಡುವೆ ಒಂದು ಮಳೆಗಾಲ ಪೂರ್ತಿ ಮಾತು ನಿಂತಿತ್ತು. ಇಂಥ ಗೋಡೆಯ ಮೂರನೆಯ ಗೂಟದಲ್ಲಿ ಹನ್ನೆರಡು ವರ್ಷಗಳಿಂದ ಆ ಕೀಲಿ ತೂಗುತ್ತಿತ್ತು. ಬೆಳಗಿನ ಆರು ಗಂಟೆಗೆ ಅದನ್ನು ತೆಗೆದು, ಪಂಪಿನ ಕೋಣೆಯ ಬಾಗಿಲು ತೆರೆದು, ವಾಲ್ವ್ ತಿರುಗಿಸಿ, ಮೋಟಾರಿನ ಸ್ವಿಚ್ಚನ್ನು ಒತ್ತಿ, ನೆಲದಡಿಯ ಸಂಪಿನಿಂದ ಮಾಳಿಗೆಯ ಟಾಕಿಗೆ ಗಂಗೆಯನ್ನು ಏರಿಸುತ್ತಿದ್ದವನು ನಿಜಗುಣಪ್ಪನೇ.

ಇನ್ನು ಪ್ರತಿಪಕ್ಷ. ಐದನೆಯ ಮನೆಯಲ್ಲಿ ತಂತುಪ್ರಸಾರಿಣಿಯೂ ಗೋಧೂಮಮರ್ದಿನಿಯೂ, ನಾದಿದ ಹಿಟ್ಟಿನ ಮುದ್ದೆಯೊಂದರಿಂದ ಕೂದಲಿನಷ್ಟು ಸಣ್ಣ ಎಳೆಗಳನ್ನು ಎಳೆದೆಳೆದು ಬಿದಿರುಕೋಲಿನ ಮೇಲೆ ಇಳಿಬಿಡಬಲ್ಲವಳೂ ಆದ ಚಂಪಕ್ಕ ಯಲಿಗಾರ ವಾಸವಾಗಿದ್ದಳು. ಬರುವ ಶುಕ್ರವಾರ ಅವಳ ಮಗಳ ಕುಬಸ. ಬಸುರಿ ಮಗಳಿಗೆ ಹಸಿರು ಸೀರೆಯುಡಿಸಿ ಮಡಿಲು ತುಂಬುವ ಆ ದಿನ ಬೀಗರ ಮನೆಗೆ ತವರಿನ ಶಾವಿಗೆ ಹೋಗಬೇಕು, ಅದೂ ಕೈಯಿಂದ ಎಳೆದದ್ದು. ಬೀಗಿತ್ತಿಯು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು, ಮುರಿದು, "ಇದು ಅಂಗಡೀದ ಏನ್ರಿ ಅಕ್ಕಾರ" ಎಂದು ನಗುತ್ತ ಕೇಳುವ ದೃಶ್ಯವು ಚಂಪಕ್ಕನ ಮನಸ್ಸಿನಲ್ಲಿ ಆಗಲೇ ನೂರು ಸಲ ನಡೆದುಹೋಗಿತ್ತು.

ಶಾವಿಗೆ ಒಣಗಲು ಇಡೀ ಮಾಳಿಗೆಯಲ್ಲಿ ಒಂದೇ ಜಾಗ. ಬೇವಿನ ನೆರಳು ಬೀಳದ, ಪಾರಿವಾಳ ಕೂರದ ಆ ಜಾಗವು ದೈವದುರ್ವಿಪಾಕದಿಂದ ಟಾಕಿ ತುಂಬಿದಾಗ ಹೆಚ್ಚಿನ ನೀರು ಸುರಿಯುವ ಕೊಳವೆಯ ನೇರ ಕೆಳಗಿತ್ತು. ಶನಿವಾರ ನಿಜಗುಣಪ್ಪನು ಮೋಟಾರು ಹಚ್ಚಿ, ಪತ್ರಿಕೆಯ ಪದಬಂಧದಲ್ಲಿ ಮುಳುಗಿ, ಎಡದಿಂದ ಬಲಕ್ಕೆ ಏಳನೆಯ ಪದಕ್ಕಾಗಿ ಹೆಣಗುತ್ತಿದ್ದ ಗಳಿಗೆಯಲ್ಲಿ ಟಾಕಿಯು ಉಕ್ಕಿತು. ಮೊದಲ ಎಳೆತದ ಶಾವಿಗೆಯೆಲ್ಲ ಕೋಲುಗಳ ಮೇಲೆಯೇ ಮತ್ತೆ ಹಿಟ್ಟಾಯಿತು.

ಚಂಪಕ್ಕ ಕೂಗಾಡಲಿಲ್ಲ. ಕೆಳಗಿಳಿದು ಬಂದು, ಪದಬಂಧದ ಮೇಲೆ ಒಂದು ಹಿಡಿ ಹಸಿ ಹಿಟ್ಟನ್ನು ಇಟ್ಟಳು.

"ಮೂರನೆಯವರ, ಇದನ್ನ ತುಂಬ್ರಿ," ಎಂದಳು.

ಆ ಹಿಟ್ಟಿನಿಂದಲೇ ಯುದ್ಧದ ಬೀಜ ಮೊಳೆಯಿತು.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಸೇರಿದ್ದ ಚಾಳದ ಪಂಚಾಯಿತಿಗೆ ಏಳನೆಯ ಮನೆಯ ಫರ್ಜಾನಾ ಬಂದಳು. ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಪಾಠ ಹೇಳುವವಳು. ಸೈಕಲ್ಲನ್ನು ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸುವವಳೂ ಅವಳೇ. ಅವಳ ಅಂಗೈಯಲ್ಲಿ ಬಿಸ್ಕತ್ತಿಗಿಂತ ಚಿಕ್ಕದಾದ ಒಂದು ಕರಿಯ ಹಲಗೆ ಇತ್ತು.

"ಇದು ವೈ-ಫೈ ಬೋರ್ಡ್ ಐತಿ ಕಾಕಾ. ಟಾಕ್ಯಾಗ ಒಂದು ತೇಲುಗುಂಡು ಬಿಡೂಣು. ನೀರು ಏರಿದ ಕೂಡಲೆ ಗುಂಡು ಮ್ಯಾಲ ಎದ್ದು ಎರಡು ತಂತಿ ಕೂಡಸ್ತೈತಿ. ಬೋರ್ಡಿಗೆ ಗೊತ್ತಾಗಿ ಮೋಟಾರ್ ಬಂದ್ ಮಾಡ್ತೈತಿ. ನಿಮ್ಮ ಫೋನಿಗೂ ಹೇಳ್ತೈತಿ."

ಎಂಟೂ ಮನೆಯವರು ಬಗ್ಗಿ ನೋಡಿದರು.

ಆಹಾ, ಆ ಹಲಗೆಯ ಸೇನಾವ್ಯೂಹವನ್ನು ಹೇಗೆ ವರ್ಣಿಸಲಿ! ನಡುವೆ ಬೆಳ್ಳಿಯ ಕವಚ ತೊಟ್ಟ ಚಿಪ್ಪೆಂಬ ಚಕ್ರವರ್ತಿ. ಅವನ ನೆತ್ತಿಯ ಮೇಲೆ ಹಾವಿನಂತೆ ಸುತ್ತಿ ಸುಳಿದ, ಗಾಳಿಯಲ್ಲಿನ ಸುದ್ದಿಯನ್ನು ಹಿಡಿಯುವ ಆಂಟೆನಾ. ಬುಡದಲ್ಲಿ ಯುಎಸ್‌ಬಿ ಎಂಬ ಮಹಾದ್ವಾರ. ಅನ್ನವೂ ವಿದ್ಯೆಯೂ ಒಳಹೋಗುವುದು ಅದರ ಮೂಲಕವೇ. ಇಕ್ಕೆಲಗಳಲ್ಲಿ ಸಾಲುಗಟ್ಟಿ ನಿಂತ ಹದಿನೈದು ಹದಿನೈದು, ಒಟ್ಟು ಮೂವತ್ತು ಪಿನ್ನುಗಳೆಂಬ ಭಟರು. ಎಡಗಡೆಯ ತುದಿಯಲ್ಲಿ ಐದು ವೋಲ್ಟನ್ನು ನುಂಗಬಲ್ಲ ವಿನ್ ಎಂಬ ಬಕಾಸುರ. ಆ ಕಡೆ ಈ ಕಡೆ ಹಂಚಿಹೋದ, ಎಲ್ಲರ ಭಾರವನ್ನೂ ಹೊರುವ ಗ್ರೌಂಡ್ ಎಂಬ ನಾಲ್ವರು ಭೂದೇವಿಯರು. ಮೂರು ಪಾಯಿಂಟ್ ಮೂರು ವೋಲ್ಟನ್ನು ಅಳೆದು ಬಡಿಸುವ ಮೂವರು ಪಾಕಶಾಸ್ತ್ರಜ್ಞರು. ತಟ್ಟಿದರೆ ಮರುಹುಟ್ಟು ಕೊಡುವ ರೀಸೆಟ್. ಹೌದು ಅಲ್ಲ ಎಂಬ ಎರಡೇ ಮಾತು ಬಲ್ಲ ಆ ಸೇನೆಯಲ್ಲಿ, ಹೆಚ್ಚು ಕಡಿಮೆಗಳ ನಡುವಿನ ಎಲ್ಲ ಮೆಟ್ಟಿಲುಗಳನ್ನೂ ಅಳೆಯಬಲ್ಲ ಏಕಾಂಗಿ ಎ-ಸೊನ್ನೆ. ನೆನಪಿನ ಭಂಡಾರವನ್ನು ಕಾಯುತ್ತ, ಹೊರಗಿನವರು ಯಾರೂ ಮುಟ್ಟಬಾರದೆಂದು ನಿಂತ ಆರು ಮಂದಿ ಅಂತಃಪುರದ ಕಾವಲುಗಾರರು. ಕಾದಿರಿಸಲಾಗಿದೆ ಎಂದಷ್ಟೇ ಬರೆಯಿಸಿಕೊಂಡು, ಯಾರಿಗಾಗಿ, ಯಾತಕ್ಕಾಗಿ ಎಂದು ಯಾರಿಗೂ ಹೇಳದೆ ಸುಮ್ಮನಿರುವ ಇಬ್ಬರು. ಇವರಿಬ್ಬರ ಮೌನದ ಬಗೆಗೆ ಬೇರೊಂದು ಗ್ರಂಥವನ್ನೇ ಬರೆಯಬಹುದು. ಬಲಗಡೆಯಲ್ಲಿ, ನಿದ್ರಿಸಿದ ಚಕ್ರವರ್ತಿಯನ್ನು ಎಬ್ಬಿಸುವ ಡಿ-ಸೊನ್ನೆಯಿಂದ ಮೊದಲ್ಗೊಂಡು ಡಿ-ಒಂದು, ಡಿ-ಎರಡು, ಡಿ-ಮೂರು ಎಂದು ಡಿ-ಎಂಟರವರೆಗೆ ಅಂಕಿತ ಹೊತ್ತ ಮಹಾರಥಿಗಳು.

ಅಂಕಿತ ಹೊತ್ತವರು. ಇಲ್ಲಿಯೇ ಎಡವಟ್ಟಾಯಿತು. ಬೇರೆ ಯಾವ ಊರಿನಲ್ಲಾದರೂ ಅವು ಬರಿಯ ಪಿನ್ನುಗಳು. ಈ ಚಾಳದವರ ಕಣ್ಣಿಗೆ ಅವು ಒಂದರಿಂದ ಎಂಟರವರೆಗಿನ ಗೂಟಗಳಾಗಿ ಕಂಡವು.

"ತೇಲುಗುಂಡಿನ ತಂತಿ ಮೂರಕ್ಕ," ಎಂದನು ನಿಜಗುಣಪ್ಪ. "ಕೀಲಿ ಮೂರನೇ ಗೂಟದಾಗ ಐತಿ. ತಂತೀನೂ ಮೂರಕ್ಕ ಬರೂದು."

"ನೀರು ಬೀಳೂದು ಯಾರ ಶಾವಿಗಿ ಮ್ಯಾಲ?" ಎಂದಳು ಚಂಪಕ್ಕ. "ಐದಕ್ಕ ಹಾಕ್ರಿ. ಮೂರನೆಯವರ ಕೈಯಾಗ ಕೊಟ್ಟಿದ್ದು ಏನಾತಂತ ನಿನ್ನೆ ಕಂಡೀವಿ."

ಆಗ ಸ್ತಂಭಾರೋಹಣಧುರಂಧರನು ಎದ್ದು ನಿಂತನು. ಅಂಗಿಯ ಕಿಸೆಯಲ್ಲಿದ್ದ ಟೆಸ್ಟರು ಬಿಸಿಲಿಗೆ ಖಡ್ಗದಂತೆ ಹೊಳೆಯಿತು. ಅವನು ಆಡಿದ ಮಾತಿನ ಸಾರವನ್ನು ಅದಕ್ಕೆ ತಕ್ಕ ಭಾಷೆಯಲ್ಲಿ ಹೇಳುವುದಾದರೆ ಹೀಗೆ: "ಎಲೈ ಸಭಿಕರಿರಾ, ಬಿರುಗಾಳಿಯಲ್ಲಿ ಬಾಗಿದ ಕಂಬವನ್ನೇರಿ, ಒಂದು ಕೈಯಲ್ಲಿ ಕೊಕ್ಕೆಯನ್ನೂ ಇನ್ನೊಂದು ಕೈಯಲ್ಲಿ ಇಡೀ ತಾಲೂಕಿನ ಸಂಭಾಷಣೆಯನ್ನೂ ಹಿಡಿದು ನಿಂತ ನನಗೆ, ಐವತ್ತು ವೋಲ್ಟನ್ನು ಬೆವರಿನಂತೆ ಒರೆಸಿಕೊಂಡ ನನಗೆ, ಈ ಮೂರು ಚಿಲ್ಲರೆ ವೋಲ್ಟಿನ ಹಸುಗೂಸು ಯಾವ ಲೆಕ್ಕ? ನಾನು ಕಟ್ಟಿದ ಈ ಸಾಲು ನನ್ನ ಅಂಕಿಯಲ್ಲಿಯೇ ಉಸಿರಾಡುವುದು. ಇನ್ನು ಮೇಲೆ ಮೋಟಾರಿನ ಸ್ವಿಚ್ಚನ್ನು ಆರಿಸುವ ಹಂಗೂ ನಮಗೆ ಬೇಡ. ಅದು ಹಗಲಿರುಳೂ ಹಚ್ಚಿಯೇ ಇರಲಿ, ನೀರು ಇಳಿದರೆ ಬೋರ್ಡು ಏರಿಸುವುದು, ಏರಿದರೆ ತಡೆಯುವುದು. ಒಂದೇ ಒಂದು ಹನಿ ಶಾವಿಗೆಯನ್ನು ಸೋಂಕಿದರೂ ಪಂಪಿನ ಕೀಲಿಯನ್ನು ನನ್ನ ಗೂಟದಿಂದ ತೆಗೆದು ಐದನೆಯ ಗೂಟಕ್ಕೆ ತೂಗಿಬಿಡುವೆನು."

ಕೊನೆಯ ವಾಕ್ಯವನ್ನು ಕೇಳಿ ಎಲ್ಲರೂ ಮೂರನೆಯ ಗೂಟದತ್ತ ತಿರುಗಿದರು. ಎರಡನೆಯ ಮನೆಯ ಕುಕ್ಕರು ಕೂಡ ಕೂಗು ತಡೆಹಿಡಿಯಿತೆಂದು ಹೇಳುವವರಿದ್ದಾರೆ.

ಗೋಧೂಮಮರ್ದಿನಿಯು ಉತ್ತರಿಸಿದಳು: "ಹನ್ನೆರಡು ಬಿದಿರುಕೋಲುಗಳ ಒಡತಿಯಾದ ನಾನು, ಒಂದೇ ಮುದ್ದೆಯಿಂದ ಇಲ್ಲಿಂದ ರೈಲ್ವೆ ನಿಲ್ದಾಣದವರೆಗೆ ಮುಟ್ಟುವಷ್ಟು ಎಳೆಯನ್ನು ತುಂಡಾಗದಂತೆ ಎಳೆಯಬಲ್ಲ ನಾನು, ಒಂದು ತಂತಿಯ ತುದಿಯನ್ನು ಎಲ್ಲಿ ಸಿಕ್ಕಿಸಬೇಕೆಂದು ಪದಬಂಧಪರಾಜಿತನಿಂದ ಕಲಿಯಬೇಕೆ?" ಇದು ಸಾರ. ಬಾಯಿಂದ ಬಂದದ್ದು ಇಷ್ಟೇ: "ಆತ್ ಬಿಡ್ರಿ. ಎಲ್ಲಾರೂ ಕೇಳ್ಯಾರ. ಕೀಲಿ ಒರಸಿ ಇಡ್ರಿ."

ಜಗಳ ನಡೆದಿರುವಾಗಲೇ ಲ್ಯಾಪ್‌ಟಾಪಿನಲ್ಲಿ ಬರೆದು ಮುಗಿಸಿದ ಫರ್ಜಾನಾ ಗಡಿಯಾರ ನೋಡಿಕೊಂಡಳು. ಅವಳಿಗೆ ಬೆಳಗಾವಿಯಲ್ಲಿ ನಾಲ್ಕು ದಿನ ಪರೀಕ್ಷೆಯ ಕೆಲಸವಿತ್ತು.

"ನಿಮ್ಮ ಜಗಳ ಮುಗಿಯೂ ತನಕ ನನ್ನ ಬಸ್ ಕಾಯೂದಿಲ್ಲ," ಎಂದಳು. "ಮೂರಕ್ಕ ಹಾಕಿದ್ರೂ ಕೇಳೂ ಹಂಗ, ಐದಕ್ಕ ಹಾಕಿದ್ರೂ ಕೇಳೂ ಹಂಗ ಪ್ರೋಗ್ರಾಮ್ ಬರದೀನಿ. ಈ ಎರಡೇ. ಆದರ ಕಾಕಾ, ಹಾಕೂಕಿಂತ ಮೊದಲ ಈ ಚೀಟಿ ಓದ್ರಿ. ಯಾವ ಪಿನ್ ಏನು ಅಂತ ಬರದೀನಿ."

"ಓದ್ತೀನಿ ತಗೊ, ತಂಗಿ."

ಅವನು ಚೀಟಿಯನ್ನು ತೆಗೆದುಕೊಂಡನು. ಗೌರವದಿಂದ ನಾಲ್ಕು ಮಡಿಕೆ ಮಾಡಿದನು. ಬೋರ್ಡನ್ನು ಇಡಲು ತಂದಿದ್ದ ತಗಡಿನ ಡಬ್ಬಿಯ ತಳವು ತುಸು ಏರುಪೇರಾಗಿತ್ತು. ಚೀಟಿಯನ್ನು ಅಡಿಗೆ ಇಟ್ಟು, ಅದರ ಮೇಲೆ ಬೋರ್ಡನ್ನು ಕೂರಿಸಿದಾಗ ಅದು ಅಲುಗದೆ ಸಿಂಹಾಸನಾರೂಢವಾಯಿತು.

ಅನಂತರದ ಕಾರ್ಯವನ್ನು ಅವನು ಲೋಕವು ಮೆಚ್ಚುವಂತೆಯೇ ಮಾಡಿದನು. ತೇಲುಗುಂಡಿನ ಒಂದು ತಂತಿಯನ್ನು ಗ್ರೌಂಡಿಗೂ ಇನ್ನೊಂದನ್ನು ಡಿ-ಮೂರಕ್ಕೂ ಸಿಕ್ಕಿಸಿದನು. ಯಾರೂ ಹಕ್ಕು ಕೇಳದ, ಫರ್ಜಾನಾ ಮೊದಲೇ ಗೊತ್ತುಮಾಡಿದ್ದ ಒಂದನೆಯ ಅಂಕಿಗೆ, ಅಂದರೆ ಡಿ-ಒಂದಕ್ಕೆ, ರಿಲೇ ಎಂಬ ದ್ವಾರಪಾಲಕನನ್ನು ಜೋಡಿಸಿದನು. ಬೋರ್ಡು ಅಪ್ಪಣೆ ಕೊಟ್ಟರೆ ರಿಲೇಯು ಟಕ್ ಎಂದು ಮೋಟಾರಿನ ದಾರಿಯನ್ನು ಕಡಿಯುವುದು. ಅಪ್ಪಣೆ ಇಲ್ಲದಿದ್ದರೆ ದಾರಿ ತೆರೆದೇ ಇರುವುದು. ಸೋಮವಾರವಿಡೀ ಪರೀಕ್ಷೆ. ತೇಲುಗುಂಡನ್ನು ಕೈಯಿಂದ ಎತ್ತುವನು. ಟಕ್, ಮೋಟಾರು ನಿಲ್ಲುವುದು. ಇಳಿಬಿಡುವನು, ಟಕ್, ಮೋಟಾರು ಹೊರಡುವುದು. ಬೋರ್ಡಿನ ಮೇಲಿನ ನೀಲಿದೀಪವು ಜಯಜಯವೆಂದು ಮಿಣುಕುವುದು. ಹದಿನೇಳು ಸಲ ಪರೀಕ್ಷಿಸಿದನು, ಹದಿನೇಳು ಸಲವೂ ಗೆದ್ದನು. ನಾಲ್ಕನೆಯವರನ್ನು ಕರೆದು ತೋರಿಸಿದನು. ಆರನೆಯವರನ್ನು ಕರೆದನು. ತರಕಾರಿಯವನನ್ನೂ ಕರೆದನು; ಅವನು ಕೆಳಗಿನಿಂದಲೇ "ಚೊಲೊ ಆತ್ರಿ ಅಜ್ಜಾರ" ಎಂದು ಕೂಗಿ ಹೋದನು.

ಮಂಗಳವಾರ ಬಂದಿತು. ಚಂಪಕ್ಕನ ಎರಡನೆಯ ಎಳೆತದ ಶಾವಿಗೆಯು ಹನ್ನೆರಡು ಕೋಲುಗಳ ಮೇಲೆ ಬಂಗಾರದ ಪರದೆಗಳಂತೆ ತೂಗಿತು. ಟಾಕಿಯು ಬೆಳಿಗ್ಗೆಯೇ ತುಂಬಿ, ರಿಲೇಯು ಮೋಟಾರನ್ನು ತಡೆದು ನಿಂತಿತ್ತು. ಹನ್ನೆರಡು ಗಂಟೆಗೆ ದಿನದ ವಾಡಿಕೆಯಂತೆ ಕರೆಂಟು ಹೋಯಿತು. ಒಂದು ಗಂಟೆಗೆ ದಿನದ ವಾಡಿಕೆಯಂತೆ ಕರೆಂಟು ಬಂದಿತು.

ಮೋಟಾರು ಗುಂಯ್ ಎಂದಿತು.

ಮಾಳಿಗೆಯ ಮೇಲಿದ್ದ ನಿಜಗುಣಪ್ಪನು ಟಾಕಿಯ ಬುಡದಲ್ಲಿಟ್ಟಿದ್ದ ಡಬ್ಬಿಯನ್ನು ನೋಡಿದನು. ನೀಲಿದೀಪ ಮಿಣುಕಲಿಲ್ಲ. ರಿಲೇ ಟಕ್ ಎನ್ನಲಿಲ್ಲ. ತೇಲುಗುಂಡು ಮೇಲೆದ್ದು ತಂತಿಗಳನ್ನು ಕೂಡಿಸಿ, ತುಂಬಿದೆ, ತುಂಬಿದೆ ಎಂದು ಕೂಗುತ್ತಲೇ ಇತ್ತು. ಬೋರ್ಡು ಒಂದು ಮಾತನ್ನೂ ಆಡಲಿಲ್ಲ. ಕೊಳವೆಯ ಬಾಯಿಂದ ಪ್ರಳಯವು ಜಾರಿತು.

ಆಗಿನ ರಣರಂಗವನ್ನು ಯಾವ ಬಾಯಿ ವರ್ಣಿಸೀತು? ಚಂಪಕ್ಕ ಎರಡೆರಡು ಕೋಲುಗಳನ್ನು ಗದೆಗಳಂತೆ ಹೆಗಲೇರಿಸಿಕೊಂಡು ಓಡಿದಳು. ನಾಲ್ಕನೆಯವರು ಕೊಡೆ ಬಿಚ್ಚಿ ಹಿಡಿದರು. ಆರನೆಯವರು ನಾಲ್ಕನೆಯವರ ಕೊಡೆಯ ಕೆಳಗೆ, ಆ ಹಳೆಯ ಗೂಟದ ಜಗಳವನ್ನು ಮರೆತು, ತಲೆಯ ಮೇಲೆ ಮೊರ ಹೊತ್ತು ನಿಂತರು. ನಿಜಗುಣಪ್ಪನು ಮೆಟ್ಟಿಲನ್ನು ಹಾರಿ, ಸೈಕಲ್ಲಿಗೆ ಮೊಣಕಾಲು ಬಡಿಸಿಕೊಂಡು, ಪಂಪಿನ ಕೋಣೆಗೆ ನುಗ್ಗಿ ಸ್ವಿಚ್ಚನ್ನು ಆರಿಸುವ ಹೊತ್ತಿಗೆ ಎಂಟು ಕೋಲುಗಳು ಮಡಿದಿದ್ದವು, ನಾಲ್ಕು ಉಳಿದಿದ್ದವು.

ಅವನು ಕುಂಟುತ್ತ ಮೇಲೆ ಬಂದಾಗ ಚಂಪಕ್ಕ ತೊಯ್ದ ಎಳೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು.

"ಸ್ವಿಚ್ ಬಂದ್ ಮಾಡಿ ಇಟ್ಟಿದ್ರ ಇಷ್ಟೆಲ್ಲ ಇರ್ತಿದ್ದಿಲ್ಲ," ಎಂದಳು.

"ಹಂಗಾದ್ರ ಬೋರ್ಡ್ ಯಾಕ ಬೇಕಿತ್ತ ಚಂಪಕ್ಕ?"

"ಅದನ್ನ ನಾನೂ ಕೇಳಾಕತ್ತೀನಿ." ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಇನ್ನೊಂದು ಎಳೆತಕ್ಕ ಹಿಟ್ಟೈತಿ. ನಾಳೆ ಒಣಗಬೇಕು, ನಾಡಿದ್ದು ಕಟ್ಟಬೇಕು. ನಾಳೆನೂ ತೊಯ್ತಂದ್ರ ಬೀಗರ ಮನಿಗೆ ನಾನು ಪ್ಯಾಕೆಟ್ ಹಿಡ್ಕೊಂಡು ಹೋಗಬೇಕಾಗ್ತೈತಿ. ಕೀಲಿ ಮಾತು ಆಮ್ಯಾಲ."

ಕೀಲಿಯ ಮಾತನ್ನು ಅವಳು ಆಮೇಲೆ ಎಂದದ್ದೇ ಅವನಿಗೆ ಶೂಲದಂತೆ ನಾಟಿತು.

ಎಲ್ಲರೂ ಇಳಿದು ಹೋದರು. ವೀರನು ಟಾಕಿಯ ನೆರಳಿನಲ್ಲಿ ಡಬ್ಬಿಯ ಮುಂದೆ ಚಕ್ಕಳಮಕ್ಕಳ ಕುಳಿತನು. ಬೋರ್ಡಿನ ಸ್ವಿಚ್ಚು ಹಚ್ಚಿ ನೋಡಿದನು, ಆರಿಸಿ ನೋಡಿದನು. ತಂತಿಗಳು ಬಿಗಿಯಾಗಿದ್ದವು. ಬೋರ್ಡು ಬೆಚ್ಚಗಿತ್ತು. ಮಾತಿಲ್ಲ. ತೇಲುಗುಂಡನ್ನು ಕೆಳಗೆ ಒತ್ತಿ ಹಿಡಿದು ರೀಸೆಟ್ ತಟ್ಟಿದನು. ನೀಲಿದೀಪ ಹತ್ತಿತು, ಎಲ್ಲ ಸರಿ. ಗುಂಡನ್ನು ಬಿಟ್ಟು, ಅದು ಮೇಲೆದ್ದಿರುವಾಗಲೇ ರೀಸೆಟ್ ತಟ್ಟಿದನು, ಮೂಕ. ಮತ್ತೊಮ್ಮೆ, ಮೂಕ. ಪರೀಕ್ಷೆಯ ಹದಿನೇಳು ಗೆಲುವುಗಳಲ್ಲಿಯೂ ಬೋರ್ಡು ಮೊದಲು ಕಣ್ಣು ತೆರೆದಿತ್ತು, ಆಮೇಲೆ ಅವನು ಗುಂಡನ್ನು ಎತ್ತಿದ್ದನು. ಯುದ್ಧದಲ್ಲಿ ಗುಂಡು ಮೊದಲೇ ಎದ್ದಿತ್ತು, ಬೋರ್ಡು ಆಮೇಲೆ ಕಣ್ಣು ತೆರೆದಿತ್ತು.

ಅವನು ಸುಮ್ಮನೆ ಕುಳಿತು ಕೇಳತೊಡಗಿದನು. ಕಂಬದ ತುದಿಯಲ್ಲಿ ಕಳೆದ ಮೂವತ್ತಾರು ವರ್ಷಗಳಲ್ಲಿ ಅವನು ನಿಜವಾಗಿ ಕಲಿತದ್ದು ಇದೊಂದನ್ನೇ. ಸತ್ತ ಸಾಲಿನ ಮೌನ ಬೇರೆ. ಆ ಕಡೆ ಯಾರೋ ರಿಸೀವರ್ ಎತ್ತಿ, ಮಾತಾಡದೆ, ನೀವು ಹೇಳಲಿ ಎಂದು ಕಾಯುತ್ತಿರುವ ಸಾಲಿನ ಮೌನ ಬೇರೆ. ಎರಡನೆಯದಕ್ಕೆ ಒಂದು ತೂಕವಿರುತ್ತದೆ. ಈ ಬೋರ್ಡು ಸತ್ತಿರಲಿಲ್ಲ. ಅದು ಕಾಯುತ್ತಿತ್ತು. ಏನನ್ನೋ ತನಗೆ ಹೇಳಲಿ ಎಂದು ಅಷ್ಟು ತನ್ಮಯವಾಗಿ ಕಿವಿಗೊಟ್ಟಿತ್ತೆಂದರೆ, ತಲೆಯ ಮೇಲೆ ಪ್ರಳಯವಾದರೂ ಅದಕ್ಕೆ ಕೇಳಿಸಿರಲಿಲ್ಲ.

ಡಬ್ಬಿಯಿಂದ ಅದನ್ನು ಎತ್ತಿದನು. ಅಡಿಯಲ್ಲಿ ನಾಲ್ಕು ಮಡಿಕೆಯ ಚೀಟಿ.

ಫರ್ಜಾನಾಳ ದುಂಡನೆಯ ಅಕ್ಷರಗಳು ಹೀಗಿದ್ದವು: "ಡಿ-ಮೂರು: ಬೋರ್ಡ್ ಚಾಲೂ ಆಗುವ ಕ್ಷಣದಲ್ಲಿ ಇದು ಗ್ರೌಂಡಿಗೆ ಕೂಡಿದ್ದರೆ ಬೋರ್ಡ್ ತನ್ನ ಕೆಲಸ ಮಾಡುವುದಿಲ್ಲ. ಯಾರಾದರೂ ಹೊಸ ಪ್ರೋಗ್ರಾಮ್ ಹಾಕುತ್ತಾರೆಂದು ಕಾಯುತ್ತ ಕೂಡುತ್ತದೆ. ಡಿ-ನಾಲ್ಕು, ಡಿ-ಎಂಟು ಸಹ ಹುಟ್ಟುವಾಗ ತಂಟೆ ಮಾಡುತ್ತವೆ. ಒಂದು, ಎರಡು, ಐದು, ಆರು, ಏಳು ಸಾಧು. ಕಾಕಾ, ಇದನ್ನು ಓದಿದ್ದೀರಿ ಎಂದು ತಿಳಿದಿದ್ದೇನೆ."

ಅವನು ಬೆಳಗಾವಿಗೆ ಫೋನು ಮಾಡಿದನು.

"ತಂಗಿ, ತಂತೀನ ಎರಡಕ್ಕ ಹಾಕಿದ್ರ ನಡೀತದೇನು? ಇಲ್ಲಾ ಆರಕ್ಕ?"

"ಇಲ್ಲ ಕಾಕಾ. ಮೂರು, ಐದು ಎರಡೇ ಬರದೀನಿ. ಬ್ಯಾರೇದಕ್ಕ ನಾನು ಬಂದು ಬರೀಬೇಕು. ನಾಳೆ ಸಂಜಿಗೆ ಬರ್ತೀನಿ. ಯಾಕ, ಏನಾತು?"

"ಏನಿಲ್ಲ."

"ಚೀಟಿ ಓದಿದ್ರಿಲ್ಲೋ?"

ಅವನು ಚೀಟಿಯ ನಾಲ್ಕೂ ಮಡಿಕೆಗಳನ್ನು ಅಂಗೈಯಿಂದ ತೀಡಿ ಸಪಾಟು ಮಾಡಿದನು.

"ಓದಿದ್ನಿ," ಎಂದನು. "ಈಗ."

ನಾಳೆ ಸಂಜೆಗೆ ಶಾವಿಗೆಯ ಭವಿಷ್ಯ ಮುಗಿದಿರುತ್ತಿತ್ತು. ಐದು, ಇಲ್ಲವೇ ಮೂರು. ಆಗ ಮಾಯೆಯು ಅವನ ಕಿವಿಯಲ್ಲಿ ಉಸುರಿತು: ಎಲೈ ಧುರಂಧರ, ತಂತಿ ಮೂರರಲ್ಲಿಯೇ ಇರಲಿ, ನಾಳೆ ಹನ್ನೆರಡಕ್ಕೆ ಹೋಗಿ ಸ್ವಿಚ್ಚನ್ನು ಗುಟ್ಟಾಗಿ ಆರಿಸಿಬಿಡು, ಹನಿ ಬೀಳುವುದಿಲ್ಲ, ಶಾವಿಗೆ ಒಣಗುತ್ತದೆ, ಬೋರ್ಡೇ ಕಾಯಿತೆಂದು ಎಂಟು ಮನೆಯವರೂ ನಂಬುತ್ತಾರೆ, ಇವತ್ತಿನದನ್ನು ಬೋರ್ಡಿನ ಮುನಿಸು ಎಂದುಬಿಡು. ಉಪಾಯವು ಪರಿಪೂರ್ಣವಾಗಿತ್ತು. ಬಹಳ ಹೊತ್ತು ಅವನು ಅದನ್ನು ತಿರುವಿ ತಿರುವಿ ನೋಡಿದನು. ಆದರೆ ಮೂವತ್ತಾರು ವರ್ಷಗಳಲ್ಲಿ ದುರಸ್ತಿಯಾಗದ ಸಾಲಿನ ಮುಂದೆ ದುರಸ್ತಿಯಾಗಿದೆ ಎಂದು ಅವನು ಒಮ್ಮೆಯೂ ರುಜು ಹಾಕಿರಲಿಲ್ಲ. ಇಂಥದ್ದನ್ನು ಕಲಿಯಲು ಈಗ ವಯಸ್ಸಾಗಿತ್ತು.

ಬುಧವಾರ ಬೆಳಿಗ್ಗೆ ಕೊನೆಯ ಎಳೆತದ ಶಾವಿಗೆಯು ಕೋಲುಗಳನ್ನೇರಿತು. ವೀರನು ಸ್ನಾನ ಮಾಡಿ, ವಿಭೂತಿ ಧರಿಸಿ, ಮಾಳಿಗೆಯನ್ನು ಹತ್ತಿ, ಡಬ್ಬಿಯ ಮುಚ್ಚಳವನ್ನು ತೆರೆದನು. ಮಹಾಪ್ರಸ್ಥಾನವು ಆರಂಭವಾಯಿತು. ಇಕ್ಕಳವನ್ನು ಬದಿಗಿಟ್ಟು ಬರಿಗೈಯಿಂದ ಡಿ-ಮೂರರ ತಂತಿಯನ್ನು ಕಿತ್ತನು. ತಂಟೆಕೋರನಾದ ಡಿ-ನಾಲ್ಕನ್ನು ಎಡಗಣ್ಣಿನಿಂದಲೂ ನೋಡದೆ ದಾಟಿದನು. ಅನ್ನದಾತನಾದ ಮೂರು ಪಾಯಿಂಟ್ ಮೂರು ವೋಲ್ಟಿನ ಪಿನ್ನನ್ನು ಸೋಕದಂತೆ, ಉಸಿರು ಬಿಗಿಹಿಡಿದು ದಾಟಿದನು. ಭೂದೇವಿಯಾದ ಗ್ರೌಂಡನ್ನು ಮನಸ್ಸಿನಲ್ಲಿಯೇ ನಮಸ್ಕರಿಸಿ ದಾಟಿದನು. ಡಿ-ಐದರ ಹೊಸ್ತಿಲಿಗೆ ಬಂದನು. ಆಮೇಲೆ ತಂತಿಯನ್ನು ಒತ್ತಿದನು. ಶತ್ರುರಾಜ್ಯದ ಒಳಗೆ ಕೈಗೊಂಡ ಈ ದಂಡಯಾತ್ರೆಯ ಒಟ್ಟು ದೂರ ಒಂದು ಸೆಂಟಿಮೀಟರು.

ಹನ್ನೆರಡಕ್ಕೆ ಕರೆಂಟು ಹೋಯಿತು. ಟಾಕಿ ತುಂಬಿತ್ತು. ಮೋಟಾರಿನ ಸ್ವಿಚ್ಚು ಹಚ್ಚಿಯೇ ಇತ್ತು. ಸುದ್ದಿ ತಿಳಿದು ಚಾಳದವರು ಒಬ್ಬೊಬ್ಬರಾಗಿ ಮೇಲೆ ಬಂದು ಸೇರಿದರು. ನಾಲ್ಕನೆಯವರು ಕೊಡೆಯನ್ನು ಬಿಚ್ಚಿಯೇ ತಂದಿದ್ದರು. ಚಂಪಕ್ಕ ಕೋಲುಗಳ ಪಕ್ಕದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಗಳನ್ನೂ ಚಾಚಿ, ಓಡಲು ಸಿದ್ಧಳಾಗಿ ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಬೀಗಿತ್ತಿಗೆ ಕೊಡಬೇಕಾದ ಉತ್ತರವನ್ನು ಅಭ್ಯಾಸ ಮಾಡುತ್ತಿದ್ದಳೋ ದೇವರನ್ನು ನೆನೆಯುತ್ತಿದ್ದಳೋ ಹೇಳಲಾಗದು.

ಒಂದು ಗಂಟೆ. ಕೆಳಗೆ ಫ್ಯಾನುಗಳು ತಿರುಗಿದ ಸದ್ದು. ಎರಡನೆಯ ಮನೆಯ ಟೀವಿಯಲ್ಲಿ ಯಾರೋ ಅರ್ಧಕ್ಕೆ ನಿಂತಿದ್ದ ಅಳುವನ್ನು ಮುಂದುವರಿಸಿದರು.

ಮೋಟಾರು ಗುಂಯ್ ಎಂದಿತು.

ನಾಲ್ಕನೆಯವರು ಕೊಡೆಯನ್ನು ಎತ್ತಿದರು. ಚಂಪಕ್ಕ ಎರಡು ಕೋಲುಗಳನ್ನು ಹಿಡಿದೇಬಿಟ್ಟಳು. ನಿಜಗುಣಪ್ಪನು ಕಣ್ಣು ಮುಚ್ಚಿ ಕಿವಿಯನ್ನು ಮಾತ್ರ ತೆರೆದು ನಿಂತನು. ಒಂದು ಉಸಿರು. ಎರಡು ಉಸಿರು.

ಟಕ್.

ಮೋಟಾರು ನಿಂತಿತು. ನೀಲಿದೀಪ ಮಿಣುಕಿತು. ಆಮೇಲೆ ಏನೂ ಆಗಲಿಲ್ಲ. ನೀರು ಬೀಳಲಿಲ್ಲ, ಯಾರೂ ಓಡಲಿಲ್ಲ. ಮಂಗಳವಾರದ್ದೂ ಮೌನವೇ, ಇದೂ ಮೌನವೇ; ಆದರೆ ಇದರಲ್ಲಿ ಶಾವಿಗೆಯು ಒಣಗುವ ಸದ್ದು ಕೇಳಿಸುವಂತಿತ್ತು. ಯುದ್ಧವನ್ನು ಗೆದ್ದಾಗ ಕಾಣಲು ಏನೂ ಇರುವುದಿಲ್ಲವಾದ್ದರಿಂದ ಜನ ಸ್ವಲ್ಪ ಹೊತ್ತು ಕೊಳವೆಯನ್ನು ನೋಡಿ, ಊಟಕ್ಕೆ ಹೊತ್ತಾಯಿತೆಂದು ಇಳಿದು ಹೋದರು.

ಚಂಪಕ್ಕ ಡಬ್ಬಿಯ ಬಳಿಗೆ ಬಂದು ಬಗ್ಗಿದಳು. ತಂತಿಯು ಎಲ್ಲಿದೆಯೆಂದು ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು. ವೀರನು ತಲೆತಗ್ಗಿಸಿ, ಸೋತ ರಾಜನು ಗೆದ್ದವಳ ಘನತೆಯುಳ್ಳ ಮಾತಿಗಾಗಿ ಕಾಯುವಂತೆ ಕಾದನು.

"ನನ್ನ ನಂಬರಕ್ಕ ಯಾಕ ಹಾಕೀರಿ?" ಎಂದಳು. "ಇನ್ನ ಇದು ಕೆಟ್ರ ನಾನ ಹತ್ತಿ ಬಂದು ನೋಡಬೇಕೇನು?"

"ನೀವ ಅಲ್ರಿ ಭಾನುವಾರ ಕೇಳಿದ್ದು?"

"ಅವತ್ತು ಸಿಟ್ಟಿನಾಗ ಕೇಳಿದ್ನಿ."

ಅವನು ಕೆಳಗಿಳಿದು ಹೋಗಿ, ಹನ್ನೆರಡು ವರ್ಷಗಳ ಸಾಮ್ರಾಜ್ಯವನ್ನು ಮೂರನೆಯ ಗೂಟದಿಂದ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಐದನೆಯ ಗೂಟಕ್ಕೆ ತೂಗಿದನು. ಮಂಗಳವಾರ ಬಿದ್ದ ಹನಿಗಳ ಲೆಕ್ಕದಲ್ಲಿ, ಭಾನುವಾರ ಕೊಟ್ಟ ಮಾತು ಬಾಕಿ ಇತ್ತು. ಪಡಸಾಲೆಯಲ್ಲಿ ಆಗ ಯಾರೂ ಇರಲಿಲ್ಲ. ಖಾಲಿಯಾದ ಮೂರನೆಯ ಗೂಟದ ಕೆಳಗೆ ಕೀಲಿಯ ಆಕಾರದ ಒಂದು ಬೆಳ್ಳನೆಯ ಗುರುತು ಕಾಣಿಸಿತು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡನು.

ಗುರುವಾರ ಬೆಳಗಿನ ಆರು ಗಂಟೆ. ರಾಜ್ಯವಿಹೀನನಾದ ಧುರಂಧರನು ಹಾಸಿಗೆಯಲ್ಲಿ ಮಲಗಿ ಸೂರನ್ನು ನೋಡುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಚಂಪಕ್ಕ, ಕೈಯಲ್ಲಿ ಮುಚ್ಚಿದ ಬಟ್ಟಲು. ಒಳಗೆ ಹಾಲು ಬೆಲ್ಲ ಕೂಡಿದ ಶಾವಿಗೆ ಇನ್ನೂ ಹೊಗೆಯಾಡುತ್ತಿತ್ತು.

"ಎಳಿ ಸಣ್ಣದ ಬಂದೈತೋ ಇಲ್ಲೋ ತಿಂದು ಹೇಳ್ರಿ ಮೂರನೆಯವರ," ಎಂದಳು. "ಮತ್ತ ನನಗ ಮೊಣಕಾಲು ಹಿಡದಾವ, ಪಂಪಿನ ಮನ್ಯಾಗ ಹಲ್ಲಿ ಬ್ಯಾರೆ ಇರ್ತಾವ. ಕೀಲಿ ನನ್ನ ಗೂಟದಾಗ ಐತಿ. ತಗೊಂಡು ಹೋಗಿ ವಾಲ್ವ್ ತಿರುವಿ ಬರ್ರಿ. ಬಂದ ಮ್ಯಾಲ ಅಲ್ಲೇ ಹಾಕ್ರಿ, ಮರೀಬ್ಯಾಡ್ರಿ."

ನಿಜಗುಣಪ್ಪನು ಬಟ್ಟಲನ್ನು ಒಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಐದನೆಯ ಗೂಟದಿಂದ ಕೀಲಿಯನ್ನು ತೆಗೆದುಕೊಂಡು, ವಾಲ್ವ್ ತಿರುಗಿಸಲು ಹೋದನು.